ಶುಂಠಿಯೋ, ಅಡಿಕೆಯೋ, ಭತ್ತವೋ? ಪಕ್ಕದ ಗದ್ದೆಯ ಲೆಕ್ಕ ನಮಗೆಷ್ಟು ಹೊಂದುತ್ತದೆ

ಆಲೂರು, ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟದ ಕೆಳಗೆ ಒಂದೆರಡು ಎಕರೆ ಗದ್ದೆ ಇಟ್ಟುಕೊಂಡವರಿಗೆಲ್ಲ ಫೆಬ್ರವರಿ ಬಂದರೆ ತಲೆಯಲ್ಲಿ ಒಂದೇ ಪ್ರಶ್ನೆ. ಈ ಸಲ ಏನು ಮಾಡೋಣ? ಶುಂಠಿ ಹಾಕೋಣವಾ, ಅಡಿಕೆ ಸಸಿ ಇಡೋಣವಾ, ಕಾಫಿಯನ್ನೇ ಕೆಳಗೂ ಇಳಿಸೋಣವಾ, ಶುಂಠಿಯವರಿಗೆ ಗುತ್ತಿಗೆಗೆ ಬಿಟ್ಟುಬಿಡೋಣವಾ, ಇಲ್ಲ ಅಪ್ಪ ಮಾಡುತ್ತಿದ್ದ ಹಾಗೆ ಭತ್ತವೇ ಇರಲಿ ಅಂತ ಸುಮ್ಮನಾಗೋಣವಾ? ಉತ್ತರ ಮಾತ್ರ ಹೆಚ್ಚುಕಮ್ಮಿ ಒಂದೇ ದಾರಿಯಿಂದ ಬರುತ್ತದೆ. "ಅವರು ಹಾಕಿದ್ದರು, ಅವರಿಗೆ ಆಯಿತು, ನಮಗೂ ಆಗುತ್ತೆ." ಇಲ್ಲವೇ, "ಅವರು ಹಾಕಿ ಮುಳುಗಿದರು, ನಮಗೆ ಬೇಡಪ್ಪ."

ಹೀಗೆ ಯೋಚಿಸುವವರನ್ನು ಆಡಿಕೊಳ್ಳಲು ನಾನು ಬರೆಯುತ್ತಿಲ್ಲ. ಹೋಲಿಸಿ ನೋಡುವುದು ಬಿಟ್ಟರೆ ನಮ್ಮ ಕೈಲಿ ಬೇರೆ ಏನಿದೆ ಹೇಳಿ? ಮುಂದಿನ ಜನವರಿಯ ಬೆಲೆ ಯಾರಿಗೂ ಗೊತ್ತಿಲ್ಲ. ಜುಲೈ ಮಳೆ ಹೇಗೆ ಹಿಡಿಯುತ್ತದೋ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವುದರ ಪಕ್ಕ ಇಟ್ಟು ನೋಡಲೇಬೇಕು. ಆದರೆ ಯಾವುದನ್ನು ಯಾವುದರ ಪಕ್ಕ ಇಡುತ್ತೀರಿ ಅನ್ನುವುದರಲ್ಲಿ ಎಲ್ಲ ಇದೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಒಂದೊಂದಾಗಿ ನೋಡೋಣ: ಗಿಡದ ವಿಷಯಕ್ಕೆ ಪಕ್ಕದವರನ್ನು ಕೇಳಿ, ಬೆಲೆಯ ವಿಷಯಕ್ಕೆ ಕೇಳಬೇಡಿ. ಮಣ್ಣು, ನೀರು, ರೋಗ ಇವೆಲ್ಲ ಬೇಲಿ ನೋಡಿ ನಿಲ್ಲುವುದಿಲ್ಲ, ಅವರ ಗದ್ದೆಯಲ್ಲಿ ಆದದ್ದು ನಿಮ್ಮಲ್ಲೂ ಆಗುವ ಸಾಧ್ಯತೆ ಜಾಸ್ತಿ. ಬೆಲೆ ಹಾಗಲ್ಲ. ಅವರಿಗೆ ಸಿಕ್ಕ ಬೆಲೆ ನೋಡಿ ನೀವು ಹಾಕಿದರೆ, ನಿಮ್ಮನ್ನು ನೋಡಿ ಇನ್ನೊಬ್ಬರು ಹಾಕಿದರೆ, ಆ ಬೆಲೆ ಇರುವುದಿಲ್ಲ.

ಮೊದಲು ಹಸಿ ಸೌದೆ ಎಲ್ಲಿದೆ ನೋಡಿ

ನಮ್ಮ ಹಳೆಯ ನ್ಯಾಯದರ್ಶನದವರು ತರ್ಕ ಕಲಿಸುವಾಗ ಕೊಡುತ್ತಿದ್ದ ಉದಾಹರಣೆ ಬಹಳ ಜನಕ್ಕೆ ಗೊತ್ತು. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಹಾಗಾದರೆ ಅಲ್ಲಿ ಬೆಂಕಿ ಇದೆ, ಅಡುಗೆಮನೆಯಲ್ಲಿ ಇರುವ ಹಾಗೆ. ಅಡುಗೆಮನೆ ನೋಡಿ ಬೆಟ್ಟದ ಬಗ್ಗೆ ಹೇಳುವುದು, ಅಂದರೆ ಹೋಲಿಕೆಯೇ. ಆದರೆ ಅವರು ಅಲ್ಲಿಗೆ ಬಿಡಲಿಲ್ಲ. ಅದನ್ನೇ ತಿರುಗಿಸಿ "ಬೆಂಕಿ ಇದೆ, ಹಾಗಾದರೆ ಹೊಗೆ ಇರಲೇಬೇಕು" ಅಂದರೆ ತಪ್ಪು ಎಂದರು. ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಸೌದೆ ಹಸಿ ಇರಬೇಕು. ಹೀಗೆ ಒಳಗೆ ಅಡಗಿ ಕೂತ ಷರತ್ತಿಗೆ ಅವರು ಉಪಾಧಿ ಎಂದು ಹೆಸರಿಟ್ಟರು. ಜುಲೈ ತಿಂಗಳಲ್ಲಿ ಮಲೆನಾಡಿನ ಒಲೆ ಊದಿದವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.

"ಅವರಿಗೆ ಆಯಿತು" ಅನ್ನುವ ಪ್ರತಿ ಕಥೆಯಲ್ಲೂ ಇಂಥದ್ದೊಂದು ಹಸಿ ಸೌದೆ ಇರುತ್ತದೆ. ಅದು ನಿಮ್ಮಲ್ಲಿ ಇದೆಯಾ ಅಂತ ಮಾತ್ರ ನೋಡಬೇಕು.

ಹಾಸನದ ಆಲೂಗಡ್ಡೆಯನ್ನೇ ತೆಗೆದುಕೊಳ್ಳಿ. ಬಿತ್ತನೆ ಗಡ್ಡೆ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ. ಮುಂಗಾರಿಗೆ ಮುಂಚೆ ಎಪಿಎಂಸಿ ಅಂಗಳದಲ್ಲಿ ಲಾರಿಗಟ್ಟಲೆ ಇಳಿಯುತ್ತದೆ. ಅದೇ ಗಡ್ಡೆ ಅಲ್ಲಿ ಅಷ್ಟು ಕೊಡುತ್ತದೆ, ಇಲ್ಲಿ ಯಾಕೆ ಕೊಡುವುದಿಲ್ಲ ಅಂತ ಕೇಳಿದರೆ ಉತ್ತರ ಗಡ್ಡೆಯಲ್ಲಿಲ್ಲ. ಅಲ್ಲಿ ಅದು ಚಳಿಗಾಲದ ನೀರಾವರಿ ಬೆಳೆ. ಇಲ್ಲಿ ಮುಂಗಾರಿನ ಬೆಳೆ, ಮಳೆ ಹಿಡಿದರೆ ಎಲೆ ದಿನಗಟ್ಟಲೆ ಒದ್ದೆ. ಅಂಗಮಾರಿ ರೋಗಕ್ಕೆ ಬೇಕಾದದ್ದೇ ತಂಪು ಹವೆ ಮತ್ತು ಒದ್ದೆ ಎಲೆ. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನೆಲ್ಲ ಕೊಳೆಸಿ ಬರ ತಂದದ್ದೂ ಇದೇ ರೋಗ. ಇಲ್ಲಿ ಜನ ನೆಚ್ಚಿಕೊಂಡ ಕುಫ್ರಿ ಜ್ಯೋತಿ 1968ರಲ್ಲಿ ಬಿಡುಗಡೆಯಾದಾಗ ಅಂಗಮಾರಿ ತಡೆಯುವ ತಳಿ ಅಂತಲೇ ಹೆಸರು ಮಾಡಿತ್ತು. ವರ್ಷ ಕಳೆದ ಹಾಗೆ ರೋಗ ಬದಲಾಯಿತು, ತಳಿಯ ತಾಕತ್ತು ಕುಂದಿತು. ಅಂದರೆ ಬೇರೆ ಊರಿನ ಹೋಲಿಕೆ ಮಾತ್ರ ಕೈಕೊಡುತ್ತದೆ ಅಂತಲ್ಲ, ನಮ್ಮದೇ ಊರಿನ ಹಿಂದಿನ ಕಾಲದ ಹೋಲಿಕೆಯೂ ಕೈಕೊಡುತ್ತದೆ. ಹಾಸನದ ಎಷ್ಟೋ ಆಲೂಗಡ್ಡೆ ಹೊಲಗಳು ಮುಸುಕಿನ ಜೋಳಕ್ಕೆ, ಶುಂಠಿಗೆ ತಿರುಗಿದ್ದರ ಹಿಂದೆ ಈ ಕಥೆ ಇದೆ.

ಕಾಫಿಯವರಿಗೂ ಇಂಥದ್ದೊಂದು ಇದೆ. ಬ್ರೆಜಿಲ್‌ನಲ್ಲಿ ನೆರಳಿಲ್ಲದೆ ಬೆಳೆಯುತ್ತಾರೆ, ಇಳುವರಿ ಜಾಸ್ತಿ, ನಾವೂ ಮರ ಕಡಿಯೋಣ ಅನ್ನುವುದು. ಅರೇಬಿಕಾ ಕಾಫಿಗೆ ನೆರಳು ತೆಗೆದು ಬಿಸಿಲು ಬಿಟ್ಟರೆ ಇಲ್ಲಿ ಬಿಳಿ ಕಾಂಡಕೊರಕಕ್ಕೆ ಹಬ್ಬ. ಬ್ರೆಜಿಲ್‌ನಲ್ಲಿ ಆ ಹುಳು ಇಲ್ಲ. ಹುಲಿ ನೋಡಿ ನರಿ ಬರೆ ಎಳೆದುಕೊಂಡಿತು ಅನ್ನುತ್ತಾರಲ್ಲ, ಅದು ಇದೇ.

ಹತ್ತಿರ ಅನ್ನುವುದನ್ನೂ ಕಿಲೋಮೀಟರಿನಲ್ಲಿ ಅಳೆಯಬೇಡಿ. ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿ.ಮೀ. ಮೇಲೆ ಮಳೆ, ಎಂಬತ್ತು ಕಿಲೋಮೀಟರ್ ಆಚೆ ಅರಸೀಕೆರೆಯಲ್ಲಿ 700ರ ಆಸುಪಾಸು. ಎರಡೂ ಹಾಸನ ಜಿಲ್ಲೆಯೇ. ಚಿಕ್ಕಮಗಳೂರಿನಲ್ಲಿ ಶೃಂಗೇರಿಗೂ ಕಡೂರಿಗೂ ಇನ್ನೂ ಜಾಸ್ತಿ ವ್ಯತ್ಯಾಸ. ಕಡೂರಿನ ಅಡಿಕೆಯವರ ಅನುಭವ ಕೊಪ್ಪದವರಿಗೆ ಹೊಂದುವುದಕ್ಕಿಂತ, ಕೊಪ್ಪದವರ ಅನುಭವ ಪಕ್ಕದ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯವರಿಗೆ ಜಾಸ್ತಿ ಹೊಂದುತ್ತದೆ.

ಶುಂಠಿ: ಹೋದ ವರ್ಷದ ಬೆಲೆಯನ್ನು ತಿರುಗಿಸಿ ಓದಬೇಕು

2023 ನೆನಪಿದೆ ಅಲ್ವಾ? 60 ಕೆ.ಜಿ. ಚೀಲಕ್ಕೆ 10,000 ರೂಪಾಯಿ ದಾಟಿತು, ಕದ್ದುಕೊಂಡು ಹೋಗುತ್ತಾರೆ ಅಂತ ಜನ ರಾತ್ರಿ ಹೊಲದಲ್ಲಿ ಕಾವಲು ಕೂತರು. ಮರುವರ್ಷ ಎಲ್ಲಿ ನೋಡಿದರೂ ಶುಂಠಿ. ಆಮೇಲೆ ಬೆಲೆ ಎಲ್ಲಿಗೆ ಬಂತು ಅನ್ನುವುದು ಹಾಕಿದವರಿಗೆ ಗೊತ್ತು.

ಇದು ದುರದೃಷ್ಟವೇನಲ್ಲ, ಇದರ ಯಂತ್ರವೇ ಹಾಗಿದೆ. ಈ ವರ್ಷದ ಬೆಲೆ ನೋಡಿ ಹಾಕಿದ ಬೆಳೆ ಮಾರುಕಟ್ಟೆಗೆ ಬರುವುದು ಮುಂದಿನ ವರ್ಷ. ಬೆಲೆ ಏರಿದಾಗ ಎಲ್ಲರೂ ಹಾಕುತ್ತಾರೆ, ಬಂದಾಗ ಬೆಲೆ ಬೀಳುತ್ತದೆ. ಬಿದ್ದಾಗ ಎಲ್ಲರೂ ಬಿಡುತ್ತಾರೆ, ಮತ್ತೆ ಏರುತ್ತದೆ. ಅರ್ಥಶಾಸ್ತ್ರದಲ್ಲಿ 1934ರಲ್ಲಿ ನಿಕೋಲಸ್ ಕಾಲ್ಡರ್ ಇದಕ್ಕೆ ಜೇಡರಬಲೆ ಎಂದು ಹೆಸರು ಕೊಟ್ಟರು, ಯಾಕೆಂದರೆ ಬೆಲೆ ಮತ್ತು ಫಸಲನ್ನು ಚಿತ್ರ ಬರೆದರೆ ಗೆರೆ ಬಲೆಯ ಹಾಗೆ ಸುತ್ತುತ್ತದೆ. ಶುಂಠಿ, ಟೊಮೆಟೊ, ಈರುಳ್ಳಿ, ಒಂದೇ ಹಂಗಾಮಿನಲ್ಲಿ ಬರುವ ಯಾವ ಬೆಳೆಯಾದರೂ ಇದಕ್ಕೆ ಸಿಕ್ಕಿಕೊಳ್ಳುತ್ತದೆ. ಇಂಥ ಬೆಳೆಗೆ "ಹೋದ ವರ್ಷ ಹೀಗಿತ್ತು, ಈ ವರ್ಷವೂ ಹೀಗೇ" ಅನ್ನುವ ಹೋಲಿಕೆ ಬರೀ ದುರ್ಬಲ ಅಲ್ಲ, ಉಲ್ಟಾ ದಿಕ್ಕು ತೋರಿಸುತ್ತದೆ.

ಜೊತೆಗೆ ಇನ್ನೊಂದು ಸಂಗತಿ, ಇದನ್ನು ಜನ ಮರೆಯುತ್ತಾರೆ. ಬೆಲೆ ಏರಿದ ವರ್ಷ ಬಿತ್ತನೆ ಶುಂಠಿಯ ಬೆಲೆಯೂ ಏರಿರುತ್ತದೆ. ನಿಮ್ಮ ನೆಂಟರು ಗೆದ್ದದ್ದು ಅಗ್ಗದ ಬಿತ್ತನೆ ಹಾಕಿ ದುಬಾರಿ ಬೆಲೆಗೆ ಮಾರಿ. ನೀವು ಅವರನ್ನು ನೋಡಿ ಶುರು ಮಾಡುವಾಗ ದುಬಾರಿ ಬಿತ್ತನೆ ಹಾಕಿ ಯಾವ ಬೆಲೆಗೆ ಮಾರುತ್ತೀರೋ ಗೊತ್ತಿಲ್ಲ. ಹೊರಗಿನಿಂದ ನೋಡಿದರೆ ಒಂದೇ ಬೆಳೆ, ಒಂದೇ ಊರು. ಒಳಗಿನ ಲೆಕ್ಕ ಬೇರೆಯೇ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಎಕರೆಗೆ 4 ಲಕ್ಷ ಖರ್ಚು, 200 ಚೀಲ ಫಸಲು ಅಂತ ಇಟ್ಟುಕೊಳ್ಳಿ (ಉದಾಹರಣೆಗೆ ಮಾತ್ರ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ). ಚೀಲಕ್ಕೆ 2000 ಸಿಕ್ಕರೆ ಅಸಲು. ಕೊಳೆ ರೋಗ ಬಂದು ಅರ್ಧ ಹೋದರೆ ಅಸಲಿಗೇ 4000 ಬೇಕು. ಕೊಳೆಯೂ ಬಂತು, ಬೆಲೆಯೂ 1000ಕ್ಕೆ ಬಿತ್ತು ಅಂದರೆ ಎಕರೆಗೆ 3 ಲಕ್ಷ ಕೈಬಿಟ್ಟಿತು. ಈ ಕೊನೆಯ ಸಾಲು ಬರೆದು, ಇಷ್ಟು ಹೋದರೆ ಮನೆ ನಡೆಯುತ್ತದಾ, ಮಗಳ ಕಾಲೇಜು ಫೀಸು ಕಟ್ಟಬಹುದಾ, ಸಾಲ ಯಾರ ಹತ್ತಿರ ಮಾಡಬೇಕಾಗುತ್ತದೆ ಅಂತ ಮನೆಯವರ ಜೊತೆ ಕೂತು ಮಾತಾಡಿ. "ಸರಾಸರಿ ಲಾಭ" ಅನ್ನುವ ಮಾತು ಹತ್ತು ವರ್ಷ ಸತತ ಹಾಕುವ ತಾಕತ್ತು ಇರುವವರಿಗೆ. ಒಂದು ಸಲ ಬಿದ್ದರೆ ಎರಡನೇ ಸಲ ಹಾಕಲು ದುಡ್ಡಿಲ್ಲದವರಿಗೆ ಸರಾಸರಿ ಕಟ್ಟಿಕೊಂಡು ಏನು ಪ್ರಯೋಜನ?

ಹಾಗಾದರೆ ಬೆಲೆ ಬಿದ್ದ ಮರುವರ್ಷ ಹಾಕಿದರೆ ಗೆಲುವು ಖಂಡಿತವಾ? ಇಲ್ಲ. ಎಲ್ಲರೂ ಹಾಗೇ ಯೋಚಿಸಿದರೆ ಆ ಲೆಕ್ಕವೂ ಬೀಳುತ್ತದೆ. ಆದರೆ ಆ ವರ್ಷ ಬಿತ್ತನೆ ಅಗ್ಗ ಇರುತ್ತದೆ, ಬಿದ್ದರೂ ಕಡಿಮೆ ಎತ್ತರದಿಂದ ಬೀಳುತ್ತೀರಿ. ಶುಂಠಿಗೆ ಇನ್ನೊಂದು ಅನುಕೂಲ ಇದೆ: ಬೆಲೆ ಇಲ್ಲದಿದ್ದರೆ ಕೀಳದೆ ಕೆಲ ತಿಂಗಳು ಮಣ್ಣಿನಲ್ಲೇ ಬಿಡಬಹುದು. ಎಷ್ಟೋ ಜನ ಬಿಡುತ್ತಾರೆ. ಆದರೆ ಗದ್ದೆ ಖಾಲಿ ಆಗುವುದಿಲ್ಲ, ಮುಂದಿನ ಭತ್ತ ಹೋಯಿತು, ಕೊಳೆಯ ಭಯವೂ ಮುಂದುವರಿಯಿತು.

ಇನ್ನು ಪಕ್ಕದವರನ್ನು ಕೇಳಬೇಕಾದದ್ದು: ಮಳೆಗಾಲದಲ್ಲಿ ಅವರ ಗದ್ದೆಯಲ್ಲಿ ನೀರು ಎಷ್ಟು ದಿನ ನಿಂತಿತು, ಏರುಮಡಿ ಎಷ್ಟು ಎತ್ತರ ಮಾಡಿದ್ದರು, ಆ ಜಾಗದಲ್ಲಿ ಹಿಂದೆ ಯಾವಾಗ ಶುಂಠಿ ಹಾಕಿದ್ದರು, ಕೊಳೆ ಮೊದಲು ಎಲ್ಲಿ ಕಾಣಿಸಿತು. ಬೆಲೆ ಎಷ್ಟು ಸಿಕ್ಕಿತು ಅಂತ ಕೇಳಿ ಹೊಟ್ಟೆ ಉರಿಸಿಕೊಳ್ಳುವುದಕ್ಕಿಂತ ಇದು ಉಪಯೋಗ.

ಗುತ್ತಿಗೆಗೆ ಬಿಡುವುದು

ಇದು ಆರಾಮದ ದಾರಿ ಅನ್ನಿಸುತ್ತದೆ. ಬೆಲೆಯ ಭಯ ಅವರಿಗೆ, ದುಡ್ಡು ಮುಂಗಡ ನಮಗೆ. ನಿಜ. ಬೆಲೆಯ ಅಪಾಯವನ್ನು ಇಷ್ಟು ಸುಲಭವಾಗಿ ಬೇರೆಯವರ ಹೆಗಲಿಗೆ ದಾಟಿಸುವ ದಾರಿ ಇನ್ನೊಂದಿಲ್ಲ. ಆದರೆ ಮಣ್ಣಿನ ಅಪಾಯ ನಿಮ್ಮ ಹತ್ತಿರವೇ ಉಳಿಯುತ್ತದೆ. ಕೇರಳದ ಬೆಳೆಗಾರರು ವಯನಾಡು ದಾಟಿ ನಮ್ಮ ಕಡೆ ಬಂದದ್ದೇ ಹೊಸ ಮಣ್ಣು ಹುಡುಕಿಕೊಂಡು, ಯಾಕೆಂದರೆ ಒಂದು ಸಲ ಶುಂಠಿ ತೆಗೆದ ಜಾಗದಲ್ಲಿ ತಕ್ಷಣ ಮತ್ತೆ ಹಾಕಿದರೆ ಕೊಳೆ ಹಿಡಿಯುತ್ತದೆ. ಅವರು ಮುಂದಿನ ಗದ್ದೆಗೆ ಹೋಗುತ್ತಾರೆ. ನೀವು ಎಲ್ಲಿಗೆ ಹೋಗುತ್ತೀರಿ?

ಗುತ್ತಿಗೆಗೆ ಬಿಟ್ಟ ಪಕ್ಕದವರನ್ನು ಕೇಳುವಾಗ "ಎಕರೆಗೆ ಎಷ್ಟು ಕೊಟ್ಟರು" ಅಂತ ಎಲ್ಲರೂ ಕೇಳುತ್ತಾರೆ. "ಬಿಟ್ಟುಕೊಟ್ಟ ಮೇಲೆ ಮೊದಲ ಭತ್ತ ಎಷ್ಟು ಚೀಲ ಬಂತು, ಬದು ಯಾರು ಕಟ್ಟಿಸಿದರು, ತೋಡಿದ ಕಾಲುವೆ ಯಾರು ಮುಚ್ಚಿಸಿದರು" ಅಂತ ಕೇಳಿ. ಕರಾರು ಬಾಯಿಮಾತಲ್ಲಿ ಬೇಡ. ಯಾವ ತಿಂಗಳಿಗೆ ಗದ್ದೆ ವಾಪಸ್, ಬದು ಸರಿ ಮಾಡಿಕೊಡುವುದು ಯಾರು, ಬೆಲೆ ಇಲ್ಲ ಅಂತ ಕೀಳದೆ ಬಿಟ್ಟರೆ ಏನು, ಈ ಮೂರೂ ಬರೆದಿರಬೇಕು. ಮೂರನೆಯದನ್ನು ಬರೆಯದವರೇ ಜಾಸ್ತಿ.

ಅಡಿಕೆ: ಇವತ್ತಿನ ಬೆಲೆಗೂ ನಿಮ್ಮ ಮರಕ್ಕೂ ಸಂಬಂಧ ಇಲ್ಲ

ಇವತ್ತು ಸಸಿ ಇಟ್ಟರೆ ಕೈಗೆ ಫಸಲು ಹತ್ತುವುದು ಐದಾರು ವರ್ಷದ ಮೇಲೆ. ಆಮೇಲೆ ಮೂವತ್ತು ನಲವತ್ತು ವರ್ಷ ಅದು ಅಲ್ಲೇ ನಿಂತಿರುತ್ತದೆ. ಹಾಗಾಗಿ ಇವತ್ತು ಕ್ವಿಂಟಲ್‌ಗೆ ಎಷ್ಟಿದೆ ಅನ್ನುವುದು ಈಗ ಮರ ಇರುವವರಿಗೆ ಸಂಬಂಧಪಟ್ಟ ವಿಷಯ. ನೀವು ಕೇಳಬೇಕಾದದ್ದು ಮುಂದಿನ ಬೆಲೆಯನ್ನು ಎತ್ತಿ ಹಿಡಿಯುವುದು ಏನು ಅಂತ.

ನನಗೆ ಕಾಣುವುದು ಹೀಗೆ. ಚನ್ನಗಿರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಅಂತ ಬಯಲುಸೀಮೆಯಲ್ಲೆಲ್ಲ ಕೊಳವೆಬಾವಿ ನಂಬಿ ಅಡಿಕೆ ಏರುತ್ತಿದೆ. ಆ ಸಸಿಗಳೆಲ್ಲ ನಿಮ್ಮ ಸಸಿಯ ಜೊತೆಯಲ್ಲೇ ಫಸಲಿಗೆ ಬರುತ್ತವೆ. ಎರಡನೆಯದು, ಬೆಲೆ ಅರ್ಧ ನಿಂತಿರುವುದು ಸರ್ಕಾರದ ಒಂದು ಆದೇಶದ ಮೇಲೆ: ಹೊರದೇಶದಿಂದ ತರುವ ಅಡಿಕೆಗೆ ಕನಿಷ್ಠ ಆಮದು ಬೆಲೆಯನ್ನು 2023ರಲ್ಲಿ ಕೆ.ಜಿ.ಗೆ 351 ರೂಪಾಯಿಗೆ ಏರಿಸಿದರು. ಆದೇಶ ಬದಲಾಗಬಹುದು. ಮೂರನೆಯದು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಇಪ್ಪತ್ತು ವರ್ಷದಿಂದ ಏನೂ ಆಗಿಲ್ಲವಲ್ಲ ಅನ್ನುತ್ತಾರೆ. ನಿಜ, ನಡುನಡುವೆ ಬಿದ್ದರೂ ಒಟ್ಟಾರೆ ಬೆಲೆ ಏರಿದೆ. ಆದರೆ ಇಪ್ಪತ್ತು ವರ್ಷ ಆಗದಿದ್ದದ್ದು ಮುಂದಿನ ಮೂವತ್ತು ವರ್ಷವೂ ಆಗುವುದಿಲ್ಲ ಅನ್ನುವುದಕ್ಕೆ ಆಧಾರ ಬರೀ ಅಭ್ಯಾಸ.

ಬೆಲೆ ಬಿಡಿ, ಗಿಡದ ವಿಷಯಕ್ಕೆ ಬನ್ನಿ. ಇಲ್ಲಿ ಪಕ್ಕದವರು ಬಂಗಾರದಂಥ ಸಾಕ್ಷಿ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ಎಷ್ಟೋ ದಶಕದಿಂದ ತೋಟಗಳನ್ನು ತಿನ್ನುತ್ತಿದೆ, ಗುಣಪಡಿಸುವ ಔಷಧಿ ಇಲ್ಲ. ಈಚೆಗೆ ಎಲೆಚುಕ್ಕೆ ಬೇರೆ. ಕಾಯಿ ಕೊಳೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವುದು ಗೊತ್ತಿರುವ ಕೆಲಸ, ಅದಕ್ಕೆ ಮರ ಹತ್ತುವವರು ಸಿಗಬೇಕು ಅಷ್ಟೇ (ಅದೂ ಈಗ ಸಣ್ಣ ಮಾತಲ್ಲ, ಕೆಳಗೆ ನಿಂತೇ ಹೊಡೆಯುವ ಉದ್ದ ದೋಟಿ ಬಂದಿದ್ದರೂ). ನಿಮ್ಮ ಹೋಬಳಿಯಲ್ಲಿ ಹತ್ತು ಹದಿನೈದು ವರ್ಷದ ಅಡಿಕೆ ತೋಟ ಇದ್ದರೆ, ಅದರಲ್ಲೂ ಹಿಂದೆ ಗದ್ದೆಯಾಗಿದ್ದ ಜಾಗದಲ್ಲಿ ಇದ್ದರೆ, ಹೋಗಿ ಅರ್ಧ ದಿನ ನೋಡಿ. ಕಾಲು ಎಕರೆ ಹಾಕಿ ನೋಡೋಣ ಅನ್ನುವ ಉಪಾಯ ಅಡಿಕೆಗೆ ನಡೆಯುವುದಿಲ್ಲ, ಫಲಿತಾಂಶ ಬರುವಷ್ಟರಲ್ಲಿ ಆರು ವರ್ಷ ಹೋಗಿರುತ್ತದೆ. ಅವರ ಹಳೆಯ ತೋಟವೇ ನಿಮ್ಮ ಪ್ರಯೋಗ, ಖರ್ಚು ಅವರು ಮಾಡಿದ್ದಾರೆ.

ಮತ್ತೆ ಗದ್ದೆಗೆ ತಿರುಗಿಸುವುದು ಕಷ್ಟ. ಒಂದು ಸಲ ಬಸಿಗಾಲುವೆ ತೆಗೆದು ಸಸಿ ಇಟ್ಟ ಮೇಲೆ ಮನಸ್ಸು ಬದಲಾಯಿಸಿದರೆ ಕಡಿಯಬೇಕು, ಬೇರು ಕೀಳಿಸಬೇಕು, ಮಟ್ಟ ಮಾಡಬೇಕು. ಹಿಂದಕ್ಕೆ ಬರಲಾಗದ ದಾರಿಗೆ ಇಳಿಯುವವರು ಜಾಸ್ತಿ ಪುರಾವೆ ಕೇಳಬೇಕು. ಶುಂಠಿಗೆ ಸಾಕಾಗುವ ಧೈರ್ಯ ಅಡಿಕೆಗೆ ಸಾಲದು.

ಕಾಫಿ, ಮೆಣಸು

ರೋಬಸ್ಟಾ ಚೆರಿ (ಹಣ್ಣನ್ನು ಹಾಗೇ ಒಣಗಿಸಿದ ಕಾಫಿ) 2024ರ ಏಪ್ರಿಲ್‌ನಲ್ಲಿ 50 ಕೆ.ಜಿ. ಚೀಲಕ್ಕೆ 10,000 ದಾಟಿದ ಮೇಲೆ ಗದ್ದೆಗೂ ರೋಬಸ್ಟಾ ಇಳಿಸುವವರು ಜಾಸ್ತಿಯಾಗಿದ್ದಾರೆ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ಮೀರಿತು. ಹಿರಿಯ ಬೆಳೆಗಾರರನ್ನು ಕೇಳಿದರೆ "1994 ಬಂದ ಹಾಗಿದೆ" ಅನ್ನುತ್ತಾರೆ. ಒಳ್ಳೆ ಹೋಲಿಕೆ, ಆದರೆ ಅರ್ಧಕ್ಕೆ ನಿಲ್ಲಿಸಬೇಡಿ, ಕೊನೆಯ ತನಕ ಹೇಳಿ. 1994ರಲ್ಲಿ ಬ್ರೆಜಿಲ್‌ನಲ್ಲಿ ಮಂಜು ಬಿದ್ದು ಗಿಡ ಸುಟ್ಟು ಬೆಲೆ ಹಾರಿತು. ಆ ಬೆಲೆ ನೋಡಿ ಲೋಕವೆಲ್ಲ ನೆಟ್ಟಿತು, ವಿಯೆಟ್ನಾಂ ಎಲ್ಲರಿಗಿಂತ ಜಾಸ್ತಿ ನೆಟ್ಟಿತು. 2001ಕ್ಕೆ ಅರೇಬಿಕಾ ಪೌಂಡಿಗೆ 50 ಸೆಂಟಿಗಿಂತ ಕೆಳಗೆ. ನಮ್ಮ ಕಡೆ ತೋಟ ಮಾರಿದವರು, ಸಾಲದಲ್ಲಿ ಬಿದ್ದವರು ಆ ವರ್ಷಗಳಲ್ಲೇ. ಈ ಸಲ ಬೆಲೆ ಏರಿದ್ದಕ್ಕೆ ವಿಯೆಟ್ನಾಂ ಮತ್ತು ಬ್ರೆಜಿಲ್‌ನ ಬರ ಕಾರಣ, ಜೊತೆಗೆ ವಿಯೆಟ್ನಾಂನಲ್ಲಿ ಒಂದಷ್ಟು ಜನ ಕಾಫಿ ಬಿಟ್ಟು ಡುರಿಯನ್ ಹಣ್ಣಿಗೆ ಹೋದರು. ಹಾಗಾಗಿ 1994 ಪೂರ್ತಿ ಮರುಕಳಿಸುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಇವತ್ತು ನೆಟ್ಟ ಗಿಡ ಮೂರು ನಾಲ್ಕು ವರ್ಷದಲ್ಲಿ ಫಸಲಿಗೆ ಬರುವಾಗ ಇರುವ ಬೆಲೆ ಇವತ್ತಿನದು ಅಂತ ಲೆಕ್ಕ ಹಾಕುವುದಂತೂ ಬೇಡ. ಕೆಟ್ಟ ವರ್ಷಗಳ ಬೆಲೆಗೆ ಹಾಕಿ ನೋಡಿ. ಆಗಲೂ ಖರ್ಚು ಹುಟ್ಟುತ್ತದೆ ಅಂದರೆ ಇಳಿಯಿರಿ.

ಗಿಡದ ಮಟ್ಟಿಗೆ, ನೀರು ನಿಲ್ಲುವ ಗದ್ದೆ ಕಾಫಿಗೆ ಒಳ್ಳೆಯದಲ್ಲ, ಮೆಣಸಿಗಂತೂ ಸೊರಗು ರೋಗವನ್ನು ಕರೆದು ಕೂರಿಸಿದ ಹಾಗೆ. ಮೆಣಸಿನ ಬೆಲೆಯೂ ಕಾಫಿಯಂತೆಯೇ: 2015–16ರಲ್ಲಿ ಕೆ.ಜಿ.ಗೆ 600–700 ಇದ್ದದ್ದು ನಾಲ್ಕೈದು ವರ್ಷದಲ್ಲಿ 300ರ ಹತ್ತಿರ ಬಂದಿತ್ತು, ಆಮೇಲೆ ಮತ್ತೆ ಏರಿತು. ಮೆಣಸಿನ ಒಂದು ಒಳ್ಳೆ ಗುಣ, ಒಣಗಿಸಿ ಚೆನ್ನಾಗಿ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಕಾಯುವ ಅವಕಾಶ ಸಿಗುವ ಬೆಳೆಗೆ ಬೆಲೆ ಅನಿಶ್ಚಿತತೆ ಅಷ್ಟು ಕಾಡುವುದಿಲ್ಲ.

ಕೊಯ್ದಿಟ್ಟ ಕಾಫಿ ಮಾರುವುದಾ ಇಟ್ಟುಕೊಳ್ಳುವುದಾ ಅನ್ನುವವರಿಗೂ ಇದೇ ಮಾತು. ಪೂರ್ತಿ ಮಾರಿದವರನ್ನೂ ನೋಡಿದ್ದೇವೆ, ಪೂರ್ತಿ ಇಟ್ಟುಕೊಂಡವರನ್ನೂ ನೋಡಿದ್ದೇವೆ, ಇಬ್ಬರೂ ಒಂದಲ್ಲ ಒಂದು ವರ್ಷ ಬುದ್ಧಿವಂತರಾಗಿ ಕಂಡಿದ್ದಾರೆ. ವರ್ಷದ ಕೂಲಿ, ಗೊಬ್ಬರ, ಬ್ಯಾಂಕ್ ಕಂತಿಗೆ ಬೇಕಾದಷ್ಟನ್ನು ಸಿಕ್ಕ ಬೆಲೆಗೆ ಮಾರಿ, ಉಳಿದದ್ದನ್ನು ಕಂತಿನಲ್ಲಿ ಮಾರಿದರೆ ದೊಡ್ಡ ಹೆಮ್ಮೆ ಪಡಲು ಆಗುವುದಿಲ್ಲ. ನಿದ್ದೆ ಬರುತ್ತದೆ.

ಹೊಸದು ಹಾಕೋಣ ಅನ್ನುವವರಿಗೆ ಒಂದು ಮಾತು

ಬೆಣ್ಣೆಹಣ್ಣು, ಡ್ರ್ಯಾಗನ್ ಹಣ್ಣು, ಮೊಬೈಲಿನಲ್ಲಿ ದಿನಕ್ಕೊಂದು ವಿಡಿಯೊ. ಗೆದ್ದವರು ವಿಡಿಯೊ ಮಾಡುತ್ತಾರೆ, ಸೋತವರು ಮಾಡುವುದಿಲ್ಲ. ಹತ್ತು ಜನ ಹಾಕಿ ಇಬ್ಬರು ಗೆದ್ದಿದ್ದರೂ ನಿಮಗೆ ಕಾಣುವುದು ಇಬ್ಬರಲ್ಲಿ ಇಬ್ಬರೂ ಗೆದ್ದ ಹಾಗೆ. ಆದ್ದರಿಂದ ವಿಡಿಯೊದವರಿಗೆ ಫೋನ್ ಮಾಡುವ ಬದಲು ನರ್ಸರಿಯವರನ್ನು ಕೇಳಿ: ಐದು ವರ್ಷದ ಹಿಂದೆ ನಿಮ್ಮ ಹತ್ತಿರ ಸಸಿ ತೆಗೆದುಕೊಂಡವರಲ್ಲಿ ಎಷ್ಟು ಜನ ಮತ್ತೆ ಬಂದು ತೆಗೆದುಕೊಂಡರು? ಈ ಒಂದು ಪ್ರಶ್ನೆ ಹತ್ತು ವಿಡಿಯೊಗೆ ಸಮ.

ವೆನಿಲಾ ಕಾಲವನ್ನು ಮರೆತವರಿಗೆ ನೆನಪಿಸಬೇಕು. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿಯಿತು, 2002ರಲ್ಲಿ ಅಲ್ಲಿ ರಾಜಕೀಯ ಗಲಾಟೆ. ಲೋಕದ ವೆನಿಲಾ ಬಹುಪಾಲು ಅಲ್ಲಿಂದಲೇ ಬರುವುದು. 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡು ಕೆ.ಜಿ.ಗೆ 3000 ರೂಪಾಯಿ ತನಕ ಹೋಯಿತು. ಮಲೆನಾಡಿನಲ್ಲಿ ಜನ ಬಳ್ಳಿಯ ತುಂಡನ್ನೇ ಮೀಟರ್ ಲೆಕ್ಕದಲ್ಲಿ ಕೊಂಡರು. ನೆಟ್ಟು, ಮೂರು ವರ್ಷ ಸಾಕಿ, ಬೆಳಗ್ಗೆ ಬೆಳಗ್ಗೆ ಒಂದೊಂದೇ ಹೂವಿಗೆ ಕಡ್ಡಿಯಿಂದ ಪರಾಗಸ್ಪರ್ಶ ಮಾಡಿ ಕೋಡು ಕೀಳುವಷ್ಟರಲ್ಲಿ ಮಡಗಾಸ್ಕರ್ ಎದ್ದು ಕೂತಿತ್ತು, ಬೆಲೆ ನೆಲ ಕಚ್ಚಿತ್ತು. ಬಳ್ಳಿ ನಮ್ಮಲ್ಲಿ ಚೆನ್ನಾಗಿಯೇ ಬೆಳೆಯಿತು, ಗಿಡದ ಹೋಲಿಕೆ ಸರಿಯಿತ್ತು. ಬೆಲೆ ಹುಟ್ಟಿದ್ದು ಬೇರೆಯವರ ಮನೆ ಬಿದ್ದದ್ದರಿಂದ, ಅದನ್ನು ಯಾರೂ ವಿಚಾರಿಸಲಿಲ್ಲ.

ಹೊಸದನ್ನು ಹಾಕುವುದೇ ಬೇಡ ಅಂತಲ್ಲ. ಕಾಫಿ ಮಧ್ಯೆ, ಬೇಲಿ ಪಕ್ಕ ಇಪ್ಪತ್ತು ಬೆಣ್ಣೆಹಣ್ಣಿನ ಸಸಿ ಇಡಿ. ಸತ್ತರೆ ಇಪ್ಪತ್ತು ಸಸಿ.

ಭತ್ತ

ಲಾಭ ಇಲ್ಲ, ಎಲ್ಲರಿಗೂ ಗೊತ್ತು. ನಾಟಿಗೆ ಆಳಿಲ್ಲ, ಆನೆ ಬಂದರೆ ಒಂದೇ ರಾತ್ರಿ. ಆಲೂರು, ಸಕಲೇಶಪುರ, ಬೇಲೂರು ಭಾಗದಲ್ಲಿ ಎಷ್ಟೋ ಗದ್ದೆ ಬೀಳು ಬಿದ್ದಿರುವುದು ಆನೆಯ ದೆಸೆಯಿಂದಲೇ. ಆದರೂ ಹೋಲಿಸುವಾಗ ಭತ್ತಕ್ಕೆ ಒಂದು ಅಂಕ ಜಾಸ್ತಿ ಕೊಡಬೇಕು: ಹಾಕಿದ್ದು ಕಡಿಮೆ, ಹೋದರೂ ಕಡಿಮೆ, ಮುಂದಿನ ವರ್ಷ ಬೇರೆ ಏನು ಬೇಕಾದರೂ ಮಾಡಬಹುದು. ಬಾಗಿಲು ಯಾವುದೂ ಮುಚ್ಚುವುದಿಲ್ಲ. ಆನೆ ದಾರಿಯಲ್ಲೇ ಗದ್ದೆ ಇದ್ದರೆ ಮಾತು ಬೇರೆ, ಅಲ್ಲಿ ಬಾಳೆ, ಭತ್ತ ಎರಡೂ ಬೇಡ.

ಮುಸುಕಿನ ಜೋಳ ಹಾಕುವ ಬಯಲಿನ ಕಡೆಯವರು ನಮ್ಮ ಕಥೆ ಏನು ಅಂತ ಕೇಳಬಹುದು. ಆ ಜೋಳಕ್ಕೆ 2018ರಲ್ಲಿ ಹೊರದೇಶದ ಸೈನಿಕ ಹುಳು (ಫಾಲ್ ಆರ್ಮಿವರ್ಮ್) ಬಂತು, ದೇಶದಲ್ಲೇ ಮೊದಲು ಕಂಡದ್ದು ಪಕ್ಕದ ಶಿವಮೊಗ್ಗದಲ್ಲಿ. ನಮ್ಮ ಹಿಂದಿನ ಯಾವ ವರ್ಷದ ಲೆಕ್ಕದಲ್ಲೂ ಆ ಹುಳು ಇರಲಿಲ್ಲ, ಎಷ್ಟು ಹಿಂದೆ ನೋಡಿದರೂ ಸಿಗುತ್ತಿರಲಿಲ್ಲ. ಅದಕ್ಕೇ ಯಾವ ಬೆಳೆಗಾದರೂ ಕೈಯಲ್ಲಿದ್ದ ಅಷ್ಟೂ ದುಡ್ಡು ಸುರಿಯಬೇಡಿ ಅನ್ನುವುದು. ಲೆಕ್ಕದಲ್ಲಿ ಇಲ್ಲದ್ದಕ್ಕೂ ಸ್ವಲ್ಪ ಇಟ್ಟಿರಬೇಕು.

ಹಾಗಾದರೆ ಯಾರಿಗೆ ಯಾವುದು

ಸಾಲ ಇರುವವರಿಗೆ, ತೋಟದ ಆದಾಯ ಕಮ್ಮಿ ಇರುವವರಿಗೆ ನಾನು ಸ್ವಂತ ಶುಂಠಿ ಹೇಳುವುದಿಲ್ಲ. ದುಡ್ಡು ಬೇಕೇ ಬೇಕು ಅಂದರೆ ಅರ್ಧ ಗದ್ದೆ ಒಂದು ಹಂಗಾಮಿಗೆ ಗುತ್ತಿಗೆಗೆ ಬಿಡಿ, ಮೇಲೆ ಹೇಳಿದ ಮೂರು ಷರತ್ತು ಬರೆಸಿ, ಇನ್ನರ್ಧ ಭತ್ತ ಇರಲಿ. ಕಾಫಿಯಲ್ಲಿ ಎರಡು ವರ್ಷದಿಂದ ಒಳ್ಳೆ ದುಡ್ಡು ಮಾಡಿಕೊಂಡವರು ಅರ್ಧ ಎಕರೆ ಶುಂಠಿ ಹಾಕಬಹುದು, ಅದೂ ಬಿತ್ತನೆ ಅಗ್ಗ ಇರುವ ವರ್ಷ. ಅಡಿಕೆಗೆ ಇಳಿಯುವವರು ಹತ್ತಿರದಲ್ಲಿ ಹಳೆಯ ತೋಟ ಹಸಿರಾಗಿ ನಿಂತಿದ್ದರೆ, ಮತ್ತೆ ಇವತ್ತಿನ ಬೆಲೆಯ ಅರ್ಧಕ್ಕೂ ಲೆಕ್ಕ ಕೂಡುತ್ತಿದ್ದರೆ ಮಾತ್ರ ಇಳಿಯಲಿ. ಊರು ಬಿಟ್ಟು ಬೆಂಗಳೂರಿನಲ್ಲಿದ್ದು ವಾರಕ್ಕೊಮ್ಮೆ ಬರುವವರಿಗೆ ಶುಂಠಿ ಬೇಡವೇ ಬೇಡ. ಕೊಳೆ ಸೋಮವಾರ ಶುರುವಾದರೆ ಶನಿವಾರ ನೀವು ಬರುವಷ್ಟರಲ್ಲಿ ಮಡಿಗಳೇ ಹೋಗಿರುತ್ತವೆ.

ಮಣ್ಣು ಪರೀಕ್ಷೆಗೆ, ರೋಗದ ವಿಚಾರಕ್ಕೆ ಹಾಸನದವರಿಗೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ ಇದೆ, ಚಿಕ್ಕಮಗಳೂರಿನವರಿಗೆ ಮೂಡಿಗೆರೆಯದ್ದಿದೆ, ಕಾಫಿಗೆ ಬಾಳೆಹೊನ್ನೂರಿನಲ್ಲಿ 1925ರಿಂದ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಹೋಗಿ ಬೆಲೆ ಕೇಳಬೇಡಿ, ಅವರಿಗೂ ಗೊತ್ತಿಲ್ಲ. ಗಿಡ ಕೇಳಿ.

ಇಷ್ಟಾದರೂ ತೀರ್ಮಾನ ಆಗುತ್ತಿಲ್ಲ ಅಂದರೆ ಗಾಬರಿ ಬೇಡ, ಗಡುವುಗಳು ಒಂದಾದ ಮೇಲೊಂದು ಬರುತ್ತವೆ. ಶುಂಠಿಯವರು ಮಾರ್ಚ್, ಏಪ್ರಿಲ್ ಒಳಗೆ ನೆಲ ತಯಾರು ಮಾಡಬೇಕು. ಅಡಿಕೆ, ಕಾಫಿ ಸಸಿಗೆ ಜೂನ್ ಮಳೆ ಹಿಡಿಯುವ ತನಕ ಸಮಯ ಇದೆ. ಭತ್ತದ ಸಸಿಮಡಿ ಅದೇ ಹೊತ್ತಿಗೆ, ನಾಟಿ ಜುಲೈ–ಆಗಸ್ಟಿಗೆ. ಮಾರ್ಚಿನಲ್ಲಿ ಮನಸ್ಸು ಗಟ್ಟಿ ಇಲ್ಲದಿದ್ದರೆ ಶುಂಠಿ ತಾನಾಗಿ ತಪ್ಪುತ್ತದೆ. ಜೂನಿನಲ್ಲೂ ಗಟ್ಟಿ ಇಲ್ಲದಿದ್ದರೆ ಅಡಿಕೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಆಗ ಒಂದಷ್ಟು ಭತ್ತದ ಬೀಜ ನೆನೆಹಾಕಿ.